ನೋಡಿದೆ, ಅಳಿಸಿದೆ

“ಏಯ್! ಯಾರ್ರೀ ನೀವು? ಆ ಕಲ್ಲಿನ ಮೇಲಿಂದ ಕೈ ತೆಗೀರಿ!”

ಸೈಕಲ್ಲನ್ನು ಮರಳಿನ ಮೇಲೆ ಹಾಗೇ ಬೀಳಿಸಿ ಅವಳು ಓಡಿದಳು. ಕವಲುದಾರಿಯ ಕಲ್ಲಿನ ಮುಂದೆ ಉದ್ದನೆಯ ಗಂಡಸೊಬ್ಬ ಕುಕ್ಕರಗಾಲಲ್ಲಿ ಕೂತು, ಅವಳು ಬೆಳಿಗ್ಗೆ ಬರೆದಿದ್ದ ಬಾಣದ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಬಾಣದ ಬಾಲ ಆಗಲೇ ಹೋಗಿತ್ತು.

“ಅಳಿಸ್ತಾ ಇದೀನಿ,” ಎಂದ ಅವನು, ತಿರುಗಿಯೂ ನೋಡದೆ.

“ಅದು ಕಾಣ್ತಾ ಇದೆ! ಹಿಂದೆ ಬರೋರು ದಾರಿ ತಪ್ಪಿ ಸಮುದ್ರಕ್ಕೆ ಇಳಿದ್ರೆ ನೀವು ಹೋಗಿ ಎತ್ಕೊಂಡು ಬರ್ತೀರಾ?”

“ಹಿಂದೆ ಯಾರೂ ಇಲ್ಲ. ಹನ್ನೊಂದು ಜನ ದಾಟಿದ್ರು. ಎಣಿಸಿದೀನಿ.”

“ನಾವು ಹೊರಟಿದ್ದು ಹನ್ನೆರಡು ಜನ!”

“ಹನ್ನೆರಡನೆಯವರು ನೀವು.”

ಅವಳು ಬಾರದ ಸವಾರನನ್ನು ಹುಡುಕಿಕೊಂಡು ನಾಲ್ಕು ಮೈಲಿ ವಾಪಸು ತುಳಿದದ್ದು, ತನ್ನನ್ನೇ ಹುಡುಕಿಕೊಂಡು!

“ನಿಮ್ಮ ಚಿಕ್ಕಪ್ಪ ನನ್ನನ್ನ ಕೆಲಸಕ್ಕೆ ತಗೊಂಡಿದ್ದಾರೆ. ಕೊನೇಲಿ ಬರೋಕೆ, ಗುರುತು ಅಳಿಸೋಕೆ. ಹೇಳಿರ್ಲಿಲ್ವಾ?”

ಚಿಕ್ಕಪ್ಪ ಹೇಳಿರಲಿಲ್ಲ. ಚಿಕ್ಕಪ್ಪ ಯಾವುದನ್ನು ತಾನೇ ಸಮಯಕ್ಕೆ ಸರಿಯಾಗಿ ಹೇಳಿದ್ದಾರೆ!

ಇಲ್ಲೇ ಪ್ರೀತಿ ಹುಟ್ಟಿತು ಎಂದುಕೊಂಡರೆ ನೀವು ತಪ್ಪಿದಿರಿ. ಹುಟ್ಟಿದ್ದು ಶುದ್ಧ ಕೋಪ. ಅದು ಹದಿನೈದು ದಿನ ಚೆನ್ನಾಗಿಯೇ ಬದುಕಿತ್ತು.

ಚಿಕ್ಕಪ್ಪನದು ಸೈಕಲ್ ಅಂಗಡಿ. ಅದರ ಜೊತೆಗೆ ಆರು ದಿನದ ಸೈಕಲ್ ಪ್ರವಾಸ: ಸಮುದ್ರದ ಅಂಚಿನ ಕುರುಚಲು ಬಯಲಿನಲ್ಲಿ ಐದು ದಿನ, ಪೈನ್ ಮರಗಳ ಕಾಡಿನಲ್ಲಿ ಕೊನೆಯ ದಿನ. ಬಂದವರೆಲ್ಲ ತಮ್ಮ ತಮ್ಮ ವೇಗದಲ್ಲಿ ತುಳಿಯುತ್ತಾರೆ. ಎಲ್ಲರಿಗಿಂತ ಮುಂದೆ ಹೋಗಿ, ದಾರಿ ಕವಲೊಡೆದಲ್ಲೆಲ್ಲ ಸೀಮೆಸುಣ್ಣದಲ್ಲಿ ಬಾಣ ಬರೆಯುವುದು ಅವಳ ಕೆಲಸ. ಸಂಜೆಯೊಳಗೆ ಒಂದು ಗುರುತೂ ಉಳಿದಿರಬಾರದೆಂದು ಅರಣ್ಯ ಇಲಾಖೆಯವರು ಪತ್ರ ಬರೆದ ಮೇಲೆ, ಕೊನೆಯಲ್ಲಿ ಬಂದು ಒರೆಸಲು ಇವನು.

ಚಿಕ್ಕಪ್ಪ ಅವಳಿಗೆ ‘ಚಾಕ್‌ಪೀಸ್’ ಎಂದೂ ಅವನಿಗೆ ‘ಡಸ್ಟರ್’ ಎಂದೂ ಹೆಸರಿಟ್ಟರು. ಹೆಸರುಗಳು ಅಂಟಿಕೊಂಡವು.

ಪ್ರತಿ ಸಂಜೆ ಡಸ್ಟರ್ ಕೊನೆಯವನಾಗಿ ವಸತಿಗೃಹದ ಗೇಟಿಗೆ ಬಂದಾಗ ಅವಳು ಕೇಳಬೇಕು, “ಎಲ್ಲಾ?”

ಅವನು ಹೇಳಬೇಕು, “ನೋಡಿದೆ, ಅಳಿಸಿದೆ.”

ಹಾಗೆಂದರೆ ಜನರೆಲ್ಲ ಸರಿಯಾದ ದಾರಿ ಹಿಡಿದದ್ದನ್ನು ನೋಡಿದ್ದೇನೆ, ಗುರುತು ಅಳಿಸಿದ್ದೇನೆ, ಇವತ್ತಿನ ಕೆಲಸ ಮುಗಿಯಿತು. ಅಷ್ಟೇ ಮಾತು. ಹೆಚ್ಚು ಮಾತಾಡಿದರೆ ಗಾಳಿ ವ್ಯರ್ಥವಾಗುತ್ತದೆಂದು ನಂಬಿದವನು ಅವನು.

ಆದರೆ ಒಂದು ಸಂಜೆ ಅವನು ಎರಡು ಮಾತು ಹೆಚ್ಚಿಗೆ ಆಡಿದ.

“ನಾಲ್ಕನೇ ಬಾಣ ಬರೆಯೋವಾಗ ಕೈಗೆ ಏಟಾಗಿತ್ತಾ?”

ಅವಳು ಬೆಚ್ಚಿದಳು. ಮರಳಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ನಿಮಗೆ ಹೇಗೆ ಗೊತ್ತು?”

“ಬಾಣ ವಾಲಿತ್ತು,” ಎಂದು ಹೇಳಿ, ನೋವಿನ ಮುಲಾಮಿನ ಡಬ್ಬಿ ಗೇಟಿನ ಕಂಬದ ಮೇಲಿಟ್ಟು ಹೋದ.

ಅವಳಿಗೆ ಅವತ್ತು ಊಟ ಸೇರಲಿಲ್ಲ. ‘ನಾನು ಬರೆದದ್ದನ್ನೆಲ್ಲ ಈ ಮನುಷ್ಯ ಓದ್ತಾನೆ... ಅಳಿಸೋಕೆ ಮುಂಚೆ ಓದ್ತಾನೆ!’

ಹೀಗೆ ಎಂಟು ತಿಂಗಳು ಕಳೆದವು. ಇಬ್ಬರೂ ‘ನೀವು’ ಎಂಬುದನ್ನು ದಾಟಲಿಲ್ಲ. ಮುಂದೆ ದಾರಿ ಕೆಟ್ಟಿದ್ದರೆ ಅವಳು ಬಾಣದ ಕೆಳಗೆ ಅವನಿಗೆಂದು ‘ನಿಲ್ಲಿ’ ಎಂದು ಬರೆಯುತ್ತಿದ್ದಳು. ಅಂದರೆ, ಅಲ್ಲೇ ಇರಿ, ನಾನು ವಾಪಸು ಬರುತ್ತೇನೆ. ಕಲ್ಲಿನ ಮೇಲೂ ಬಹುವಚನವೇ.

ಆಗಲೇ ಆ ಪತ್ರ ಬಂತು. ದೂರದ ಊರಿನ ಸೈಕಲ್ ಕಾರ್ಖಾನೆಯಲ್ಲಿ, ಹೊಸ ಸೈಕಲ್ಲುಗಳನ್ನು ಓಡಿಸಿ ನೋಡಿ ಹೇಳುವ ಕೆಲಸ. ಈ ವರ್ಷದ ಕೊನೆಯ ಪ್ರವಾಸ ಮುಗಿಯುವ ದಿನ, ಸಂಜೆ ಆರರೊಳಗೆ ಉತ್ತರ ಕಳಿಸಬೇಕು.

“ಹೋಗು ಪುಟ್ಟಿ,” ಎಂದರು ಚಿಕ್ಕಪ್ಪ. “ಇಲ್ಲಿ ಎಷ್ಟು ದಿನ ಅಂತ ಕಲ್ಲಿಗೆ ಸುಣ್ಣ ಬಳೀತೀಯ?”

ಪತ್ರದ ಸುದ್ದಿಯನ್ನು ಚಿಕ್ಕಪ್ಪ ಎಲ್ಲರಿಗೂ ಹೇಳಿದರು. ಡಸ್ಟರ್ ಕೇಳಿಸಿಕೊಂಡ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವಳಿಗೆ ಈ ಬಯಲು ಇಷ್ಟ, ಈ ಕೆಲಸ ಇಷ್ಟ. ಬಿಟ್ಟು ಹೋಗುವ ಮನಸ್ಸು ಸ್ವಲ್ಪವೂ ಇರಲಿಲ್ಲ. ಆದರೆ ಬಾಯಿ ಬಿಡದವನ ಹಿಂದೆ ಮುಂದೆ ಇನ್ನೂ ಒಂದು ವರ್ಷ ಸೈಕಲ್ ತುಳಿಯುವುದು ಅವಳಿಂದ ಆಗುತ್ತಿರಲಿಲ್ಲ.

ಕೊನೆಯ ಪ್ರವಾಸದ ಐದನೆಯ ದಿನ ಅವಳು ಧೈರ್ಯ ಮಾಡಿದಳು.

ಬಯಲಿನ ಕೊನೆಯ ಕವಲಿನಲ್ಲಿ ಬೆಂಚಿನ ಹಾಗೆ ಕಾಣುವ ಒಂದು ಕಲ್ಲಿದೆ. ಒರಗುವ ಕಡೆ ಬಾಣ ಬರೆದಳು. ಅದರ ಕೆಳಗೆ ದೊಡ್ಡದಾಗಿ ‘ನಿಲ್ಲು’ ಎಂದು ಬರೆದಳು. ಜಾಗ ಮುಗಿದದ್ದರಿಂದ ಉಳಿದದ್ದನ್ನು ಕೂರುವ ಕಡೆ ಸಣ್ಣ ಅಕ್ಷರದಲ್ಲಿ ಮುಗಿಸಿದಳು: ‘ಅಂದರೆ ನಿಲ್ತೀನಿ.’

ನಿಲ್ಲು ಅಂದರೆ ನಿಲ್ತೀನಿ.

ಸವಾರರು ಬಾಣ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಓದುವವನು ಒಬ್ಬನೇ. ಅವಳು ಅಲ್ಲಿಂದ ಕಾಲು ಕಿತ್ತಳು.

ನಾಲ್ಕು ಗಂಟೆಗೆ ಸವಾರರು ಒಬ್ಬೊಬ್ಬರಾಗಿ ವಸತಿಗೃಹಕ್ಕೆ ಬಂದರು. ಅರವತ್ತಮೂರರ ನಿವೃತ್ತ ಟೀಚರಮ್ಮ ಸೊಂಟ ಹಿಡಿದುಕೊಂಡು ಬಂದರು. ಕೊನೆಗೆ, ಚೈನು ಕಳಚಿ ಹಿಂದೆ ಬಿದ್ದಿದ್ದ ಗಂಡಹೆಂಡತಿ ಬಂದರು.

“ಡಸ್ಟರ್ ಎಲ್ಲಿ?” ಚಿಕ್ಕಪ್ಪ ಕೇಳಿದರು.

“ಆ ಬೆಂಚುಗಲ್ಲಿನ ಹತ್ರ ಕೂತಿದ್ದಾರೆ. ನೀವು ಹೋಗಿ, ನಾನು ಆಮೇಲೆ ಬರ್ತೀನಿ ಅಂದ್ರು,” ಎಂದಳು ಹೆಂಡತಿ.

ಚಾಕ್‌ಪೀಸ್ ಗೇಟಿಗೆ ಓಡಿದಳು. ‘ಓದಿದಾನೆ... ಕೂತು ಯೋಚಿಸ್ತಾ ಇದಾನೆ!’

ಐದು ಗಂಟೆಯಾಯಿತು. ಐದೂವರೆಯಾಯಿತು. ಅವಳು ಗೇಟಿನ ಬಳಿ ನಿಂತೇ ಇದ್ದಳು. ಒಂದು ಪದ ಹೇಳಲು ಒಬ್ಬ ಗಂಡಸಿಗೆ ಎಷ್ಟು ಹೊತ್ತು ಬೇಕು?

ಆರೂವರೆಗೆ, ಬಯಲಿನ ಮೇಲೆ ಬೆಳಕು ಮಂಕಾಗುತ್ತಿದ್ದಾಗ, ಅವನು ಬಂದ. ಗಾಳಿಗೆ ಮುಖವೆಲ್ಲ ಒಣಗಿ ಬಿರಿದಿತ್ತು. ಅವಳನ್ನು ನೆಟ್ಟಗೆ ನೋಡಲೂ ಇಲ್ಲ.

“ಎಲ್ಲಾ?” ಎಂದಳು.

“ನೋಡಿದೆ. ಅಳಿಸಿದೆ.”

ಅಷ್ಟೇ! ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿಬಿಟ್ಟ.

ಮೂರು ಗಂಟೆ ಯೋಚಿಸಿ ಕೊಟ್ಟ ಉತ್ತರ. ನೋಡಿದೆ, ಅಳಿಸಿದೆ. ಇದಕ್ಕಿಂತ ‘ಬೇಡ’ ಎಂದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಮುಖ ತೊಳೆದು ಬಂದು, ಕಾರ್ಖಾನೆಯವರಿಗೆ ‘ಬರುತ್ತೇನೆ’ ಎಂದು ಫೋನಿನಲ್ಲಿ ಬರೆದಿಟ್ಟಳು. ಆ ಕಡೆ ಸಿಗ್ನಲ್ ಇರಲಿಲ್ಲ. ನಾಳೆ ಕಾಡು ದಾಟಿದ ಮೇಲೆ ಕಳಿಸುವುದೆಂದು ತೀರ್ಮಾನಿಸಿದಳು.

ಮರುದಿನ ಟೀಚರಮ್ಮ, “ಇವತ್ತು ನಾನು ನಿನ್ನ ಜೊತೆಗೇ ಮುಂದೆ,” ಎಂದು ಹಟ ಹಿಡಿದರು. ಅವಳಿಗೆ ಬೇಡ ಎನ್ನುವ ಶಕ್ತಿಯೂ ಇರಲಿಲ್ಲ. ಪೈನ್ ಮರಗಳ ನಡುವೆ ಇಬ್ಬರೂ ಸುಮ್ಮನೆ ತುಳಿದರು. ಒಣಗಿದ ಎಲೆ ಹಾಸಿದ ದಾರಿ ಮೆತ್ತಗಿತ್ತು.

ಕಾಡಿನ ಕೊನೆಯ ಕವಲಿನಲ್ಲಿ ಅವಳು ಕಲ್ಲಿನ ಮುಂದೆ ಕೂತು ಸೀಮೆಸುಣ್ಣ ತೆಗೆದಾಗ ಟೀಚರಮ್ಮ ಗಂಟಲು ಸರಿಮಾಡಿಕೊಂಡರು.

“ಹೇಳಬಾರದು ಅಂತಿದ್ದೆ. ಆದ್ರೂ ಹೇಳ್ತೀನಿ. ಮೂವತ್ತೆರಡು ವರ್ಷ ಪಾಠ ಮಾಡಿದೀನಿ ನಾನು. ನನಗೆ ‘ನಿಲ್ಲು’ ಅಂತ ಬರೆಯೋದಾ ನೀನು? ‘ನಿಲ್ಲಿ’ ಅಂತ ಬರೆದಿದ್ರೆ ಸೀಮೆಸುಣ್ಣ ಸವೆದು ಹೋಗ್ತಿತ್ತಾ?”

“ಏನಂದ್ರಿ ಟೀಚರ್?”

“ನಿನ್ನೆ ಆ ಬೆಂಚುಗಲ್ಲ ಮೇಲೆ! ಸುಸ್ತಾಗಿದ್ದೆ, ಹೇಗೂ ನಿಲ್ಲು ಅಂದಿದ್ದಾಳಲ್ಲ ಅಂತ ಕೂತೆ. ಹಳ್ಳ ದಾಟಿ ಪ್ಯಾಂಟು ಬೇರೆ ಒದ್ದೆ. ಎದ್ದು ನೋಡಿದ್ರೆ ಹಿಂದೆಲ್ಲ ಬಿಳೀ ಬಿಳೀ! ಕೂರೋ ಜಾಗದಲ್ಲೂ ಸುಣ್ಣ ಬಳಿತಾರಾ ಯಾರಾದ್ರೂ?”

ಸೀಮೆಸುಣ್ಣ ಅವಳ ಕೈಯಿಂದ ಜಾರಿ ಬಿತ್ತು.

“ಕೂರೋ ಕಡೆ ಇದ್ದದ್ದನ್ನ ನೀವು ಓದಲಿಲ್ವಾ?”

“ಕನ್ನಡಕ ಇಲ್ಲದೆ ಅಷ್ಟು ಸಣ್ಣದು ಕಾಣುತ್ತಾ? ಏನಿತ್ತು ಅಲ್ಲಿ?”

ಅವಳು ಮನಸ್ಸು ಬಿಚ್ಚಿ ಬರೆದ ಮಾತು ಟೀಚರಮ್ಮನ ಪ್ಯಾಂಟಿಗೆ ಅಂಟಿಕೊಂಡು ಹೋಗಿತ್ತು. ಕಲ್ಲಿನ ಮೇಲೆ ಉಳಿದದ್ದು ಒಂದೇ ಪದ. ನಿಲ್ಲು. ಅವನು ಅದನ್ನು ಓದಿದ. ಪಾಲಿಸಿದ.

‘ಅಯ್ಯೋ ದೇವರೇ... ಯೋಚಿಸ್ತಾ ಕೂತಿರ್ಲಿಲ್ಲ. ನನಗೋಸ್ಕರ ಕಾದಿದ್ದ!’

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಟೀಚರಮ್ಮ ಗಾಬರಿಯಾದರು.

“ನಾನು ಬೈದದ್ದು ಜಾಸ್ತಿ ಆಯ್ತೇನೇ?”

“ಇಲ್ಲ ಟೀಚರ್. ನಿಮಗೆ ಏಕವಚನದಲ್ಲಿ ಬರೆದ ಹಾಗಾದದ್ದು ನನ್ನದೇ ತಪ್ಪು,” ಎಂದು ಕಣ್ಣೊರೆಸಿಕೊಂಡು, ಹೊಸ ಸೀಮೆಸುಣ್ಣವೊಂದನ್ನು ಅವರ ಕೈಗಿಟ್ಟಳು. “ಇಲ್ಲಿಂದ ನೇರ ದಾರಿ. ಇವತ್ತು ನೀವೇ ಮುಂದೆ. ಬೇಕಾದ ಕಡೆ ಬಾಣ ಹಾಕಿ.”

ಟೀಚರಮ್ಮ ಆ ಸೀಮೆಸುಣ್ಣವನ್ನು ಎರಡು ಬೆರಳಲ್ಲಿ ಹಿಡಿದ ರೀತಿ ನೋಡಬೇಕಿತ್ತು. ಹಿಂತಿರುಗಿ ನೋಡದೆ ಹೊರಟೇಬಿಟ್ಟರು.

ಅವಳು ಮತ್ತೆ ಬರೆದಳು. ಈ ಸಲ ಒಂದೇ ಸಾಲಿನಲ್ಲಿ ಬರೆದು, ಯಾರೂ ಕೂರದ ಹಾಗೆ ಕಲ್ಲಿಗೆ ಅಡ್ಡ ನಿಂತಳು. ಸವಾರರು ಒಬ್ಬೊಬ್ಬರೇ ದಾಟಿದರು. “ಯಾಕೆ ನಿಂತಿದ್ದೀರಾ?” ಎಂದವರಿಗೆಲ್ಲ, “ಕೆಲಸ ಇದೆ,” ಎಂದಳು. ಹತ್ತು ಜನರನ್ನು ಎಣಿಸಿದಳು.

ಆಮೇಲೆ ಅವನು ಬಂದ. ಅವಳನ್ನು ಕಂಡು ಬ್ರೇಕ್ ಹಿಡಿದ.

“ಏನಾಯ್ತು? ಚೈನಾ?”

“ನಿನ್ನೆ ಎಷ್ಟು ಹೊತ್ತು ನಿಂತಿದ್ರಿ?”

ಅವನ ಮುಖ ಬಿಗಿಯಾಯಿತು. “ಮೂರು ಗಂಟೆ.”

“ಯಾಕೆ? ಯಾರೂ ಬರದೇ ಇದ್ದಾಗ ಹೊರಟು ಬರಬೇಕಿತ್ತು.”

ಅವನು ಎಂಟು ತಿಂಗಳಲ್ಲಿ ಆಡದಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ.

“‘ನಿಲ್ಲಿ’ ಅಂತಿದ್ರೆ ಅರ್ಧ ಗಂಟೆ ನಿಂತು ಬರ್ತಿದ್ದೆ. ‘ನಿಲ್ಲು’ ಅಂತಿತ್ತು. ನೀವು ನನ್ನನ್ನ ಯಾವತ್ತೂ ಹಾಗೆ ಕರೆದಿರ್ಲಿಲ್ಲ. ಕೆಲಸದ ಮಾತಲ್ಲ, ಬೇರೇನೋ ಹೇಳೋಕೆ ಬರ್ತೀರಿ ಅಂದ್ಕೊಂಡೆ. ಕಾದೆ. ಕತ್ತಲಾಗೋಕೆ ಬಂತು. ಊರು ಬಿಡೋಕೆ ಮುಂಚೆ ತಮಾಷೆ ಮಾಡಿದ್ರೇನೋ, ಇಲ್ಲ ಮರೆತೇ ಹೋಯ್ತೇನೋ ಅನ್ನಿಸ್ತು. ಅಳಿಸಿ ಬಂದೆ.”

ಅವಳು ಕಲ್ಲಿನ ಮುಂದಿನಿಂದ ಪಕ್ಕಕ್ಕೆ ಸರಿದಳು.

ಅವನು ಓದಿದ. ಇನ್ನೊಮ್ಮೆ ಓದಿದ.

“ನಿನ್ನೆ... ಇಷ್ಟು ಇರ್ಲಿಲ್ಲ.”

“ಇತ್ತು. ಉಳಿದದ್ದರ ಮೇಲೆ ಟೀಚರಮ್ಮ ಕೂತುಬಿಟ್ಟರು.”

ಅವನು ಅವಳ ಮುಖ ನೋಡಿದ. ತುಟಿ ಮೊದಲು ಅಲುಗಿತು. ಆಮೇಲೆ ಇಡೀ ಮನುಷ್ಯನೇ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

“ನಗಬೇಡಿ! ಉತ್ತರ ಹೇಳಿ. ಇವತ್ತು ಆರು ಗಂಟೆಯೊಳಗೆ...”

“ನಿಲ್ಲು,” ಎಂದ ಅವನು.

ನಗು ನಿಂತಿತ್ತು. ಕಣ್ಣು ಒದ್ದೆಯಾಗಿತ್ತು. “ಹೋಗಬೇಡ. ನಿಲ್ಲು.”

ಅವಳು ಫೋನು ತೆಗೆದು, ಕಳಿಸದೆ ಉಳಿದಿದ್ದ ‘ಬರುತ್ತೇನೆ’ ಎಂಬುದನ್ನು ಅವನ ಕಣ್ಣೆದುರೇ ಅಳಿಸಿದಳು. ‘ಬರುವುದಿಲ್ಲ, ಕ್ಷಮಿಸಿ’ ಎಂದು ಬರೆದಿಟ್ಟಳು. ಆಮೇಲೆ ಸೀಮೆಸುಣ್ಣ ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದಳು.

ಐದು ಗಂಟೆಗೆ ಪ್ರವಾಸ ಮುಗಿಯುವ ಜಾಗದಲ್ಲಿ ಚಿಕ್ಕಪ್ಪ ವ್ಯಾನಿಗೆ ಸೈಕಲ್ ಏರಿಸುತ್ತಿದ್ದರು. ಕಾರ್ಖಾನೆಗೆ ಉತ್ತರ ಹೋಗಿಯಾಗಿತ್ತು. ದಾರಿಯುದ್ದಕ್ಕೂ ಟೀಚರಮ್ಮ ಬೇಕಾದಲ್ಲಿ, ಬೇಡವಾದಲ್ಲಿ ಬರೆದಿಟ್ಟಿದ್ದ ಮುದ್ದಾದ ಬಾಣಗಳನ್ನೆಲ್ಲ ಒರೆಸಿ ಡಸ್ಟರ್ ಕೊನೆಯವನಾಗಿ ಬಂದ. ಅವಳು ಎಂದಿನಂತೆ ಎದುರಿಗೆ ನಿಂತಳು.

“ಎಲ್ಲಾ?”

“ನೋಡಿದೆ.”

ಅವಳು ಕಾದಳು. ಎರಡನೆಯ ಮಾತು ಬರಲಿಲ್ಲ.

“ಇಲಾಖೆಯವರು ಬೈತಾರೆ ಕಣೋ,” ಎಂದಳು ಮೆಲ್ಲಗೆ.

“ಬೈಲಿ ಬಿಡೇ.”