ಅಳಿಸಿಹೋದ ನಂಬರುಗಳು

"ಯಾರನ್ನ ಕೇಳಿ ಇದನ್ನ ತೆಗೆದ್ರಿ ನೀವು?"

ಶಿವರಂಜಿನಿ ಸೋಮೇಶನ ಜೊತೆ ಆಡಿದ ಮೊದಲ ಮಾತು ಅದು.

2008ರ ಆಗಸ್ಟ್. ಚಾಮರಾಜನಗರ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಸೆಂಟರ್. ಸೋಮೇಶ್ ಗುಂಡ್ಲುಪೇಟೆ ಶಾಖೆಯಿಂದ ಅಂದು ಬೆಳಿಗ್ಗೆಯಷ್ಟೇ ಬಂದಿದ್ದ. ಬಂದವನೇ, ಅವಳು ಕಟ್ಟಿದ ರಕ್ತದಾನಿಗಳ ವೆಬ್‌ಸೈಟಿಗೆ ಕೈ ಹಾಕಿದ್ದ!

ಊರೂರು ಅಲೆದು, ಮನೆಮನೆಯ ಜಗಲಿಯಲ್ಲಿ ಕೂತು, ಒಬ್ಬೊಬ್ಬರನ್ನೇ ಒಪ್ಪಿಸಿ ತಂದ ಫೋನ್ ನಂಬರುಗಳು. ಈಗ ಡೇಟಾಬೇಸ್ ಟೇಬಲ್ಲಿನಲ್ಲಿ ಆ ಕಾಲಮ್ಮೇ ಇಲ್ಲ.

ಆ ಸೈಟ್ ಕಟ್ಟಿದ್ದ ರೈಲ್ಸ್ ಎಂಬ ತಂತ್ರಾಂಶದಲ್ಲಿ ಟೇಬಲ್ ಬದಲಿಸಲು ಬರೆಯುವ ಪುಟ್ಟ ಪ್ರೋಗ್ರಾಮಿಗೆ ಮೈಗ್ರೇಶನ್ ಎನ್ನುತ್ತಾರೆ. ಬೇಡವೆನಿಸಿದರೆ ಅದನ್ನು ಹಿಂದಕ್ಕೆ ತಿರುಗಿಸಬಹುದು. ಸೋಮೇಶ್ ಏನೋ ಹೇಳಹೊರಟ. ಅವಳು ಕೇಳಲಿಲ್ಲ.

'ಇವನು ಮಾಡಿದ್ದನ್ನು ತಿರುಗಿಸಿದರಾಯಿತು...' ಕೀಬೋರ್ಡ್ ಎಳೆದುಕೊಂಡು ರೋಲ್‌ಬ್ಯಾಕ್ ಕೊಟ್ಟೇಬಿಟ್ಟಳು.

ಕಾಲಂ ವಾಪಸ್ ಬಂತು. ಅದರೊಳಗೆ ಒಂದು ನಂಬರೂ ಇರಲಿಲ್ಲ.

ಅಷ್ಟರಲ್ಲಿ ಸೆಂಟರಿನ ಯಜಮಾನರಾದ ಗಂಗಾಧರಸ್ವಾಮಿ ಒಳಬಂದರು. ಗುಂಡ್ಲುಪೇಟೆಯಿಂದ ಇಲ್ಲಿನ ಆಸ್ಪತ್ರೆಗೆ ಹೆರಿಗೆಗೆ ತಂದ ಹೆಂಗಸಿಗೆ ಓ ನೆಗೆಟಿವ್ ರಕ್ತ ಬೇಕಂತೆ, ಕೂಡಲೇ.

"ನಂಬರ್ ಎಲ್ಲಾ ಹೋಗಿವೆ ಸರ್. ತಪ್ಪು ನಂದು," ಎಂದ ಸೋಮೇಶ್.

ನಾಳೆಯಿಂದ ಬರಬೇಡ ಎಂದು ಅವನಿಗೆ ಹೇಳಿಬಿಟ್ಟರು ಯಜಮಾನರು. 'ಹಾಗೇ ಆಗಬೇಕು' ಅಂದುಕೊಂಡಳು ಅವಳು. ಆದರೆ ಆ ಹೆಂಗಸು? ತೆರಕಣಾಂಬಿಯ ದೊಡ್ಡಮಲ್ಲಪ್ಪನದು ಓ ನೆಗೆಟಿವ್. ನಂಬರ್ ನೆನಪಿಲ್ಲ, ಮನೆ ನೆನಪಿದೆ. ಅಲ್ಲಿ ಬೈಕಿದ್ದವನು ಸೋಮೇಶ್ ಒಬ್ಬನೇ. ಬೇರೆ ದಾರಿಯಿಲ್ಲದೆ ಹಿಂದೆ ಕೂತಳು.

ಅರಿಶಿನದ ಹೊಲಗಳು ಹಿಂದೆ ಸರಿಯುತ್ತಲೇ ಇದ್ದವು, ಊರು ಮಾತ್ರ ಬರುತ್ತಿರಲಿಲ್ಲ...

ದೊಡ್ಡಮಲ್ಲಪ್ಪ ಹೊಲದಲ್ಲಿದ್ದ. ವಿಷಯ ಕೇಳಿದವನೇ ಕೈಕಾಲು ತೊಳೆದು ತನ್ನ ಬೈಕ್ ತೆಗೆದ. "ಮಾತು ಆಮ್ಯಾಕೆ ಕಣವ್ವ, ಮೊದ್ಲು ಓಗನ ನಡಿ."

ಅವನು ಒಳಗೆ ರಕ್ತ ಕೊಡುತ್ತಿದ್ದಾಗ ಇವರಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕಾದರು. ಆ ಕಾಲಂ ತೆಗೆದದ್ದಾದರೂ ಯಾಕೆಂದು ಆಗ ಕೇಳಿದಳು. ಒಬ್ಬ ದಾನಿಗೆ ಮನೆಯದು, ಪಕ್ಕದ ಅಂಗಡಿಯದು ಎಂದು ಎರಡು ಮೂರು ನಂಬರ್ ಇರುತ್ತವೆ. ಅದಕ್ಕೇ ಹೊಸ ಟೇಬಲ್ ಮಾಡಿ, ನಂಬರುಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಹಳೆಯ ಕಾಲಂ ತೆಗೆದಿದ್ದನಂತೆ.

"ಹಾಗಾದ್ರೆ ನಾನು ತಿರುಗಿಸಿದಾಗ..."

"ಹೊಸ ಟೇಬಲ್ ಹೋಯ್ತು. ಅದರ ಜೊತೆ ನಂಬರೂ."

ಅಳಿಸಿದ್ದು ಅವನಲ್ಲ... ತಾನು!

"ಮತ್ತೆ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ಬ್ಯಾಕಪ್ ಇಲ್ದೆ ಕೈ ಹಾಕಿದ್ದು ನಾನೇ ಅಲ್ವಾ? ತಿರುಗಿಸಿದ್ರೆ ನಂಬರೂ ವಾಪಸ್ ಬರೋ ಹಾಗೆ ಬರ್ದಿರ್ಲಿಲ್ಲ. ಅದೂ ಅಲ್ದೆ... ನೀವು ಆಗ್ಲೇ ಅಳೋ ಹಾಗಿದ್ರಿ."

ತಾಯಿ, ಮಗು ಇಬ್ಬರೂ ಉಳಿದರು. ಶಿವರಂಜಿನಿ ನೇರ ಯಜಮಾನರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಅವರು ಸೋಮೇಶನನ್ನು ಕೆಲಸದಲ್ಲಿ ಉಳಿಸಿಕೊಂಡು, ಇಬ್ಬರಿಗೂ ಬೈದು, ನೀವೇ ಹೋಗಿ ನಂಬರ್ ತನ್ನಿ ಎಂದರು.

ಮತ್ತೆ ಊರೂರು ಅಲೆದಾಟ, ಈ ಸಲ ಇಬ್ಬರೂ. ಅವನು ಬರುವುದು ಸ್ವಲ್ಪ ತಡವಾದರೂ ಅವಳು ಬಾಗಿಲಿಗೂ ಕಿಟಕಿಗೂ ಓಡಾಡುವಳು. ಕೆಲಸ ಮುಗಿಯುತ್ತ ಬಂದಂತೆ ಚಡಪಡಿಕೆ ಇನ್ನೂ ಹೆಚ್ಚಿತು. ಮುಗಿದರೆ ಅವನು ಹೊರಟುಬಿಡುತ್ತಾನೆ.

ಕುದೇರಿನಲ್ಲಿ ಪಟ್ಟಿಯ ಕೊನೆಯ ಮನೆಯಿಂದ ಹೊರಬಂದ ಸಂಜೆ ಅವನು ಬೈಕ್ ಸ್ಟಾರ್ಟ್ ಮಾಡದೆ ನಿಂತ.

"ನಾಳೆಯಿಂದ ಗುಂಡ್ಲುಪೇಟೆ. ನಿನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ, ರಂಜಿನಿ."

ಅವಳು ತಲೆ ಎತ್ತಲಿಲ್ಲ. "ನಮ್ಮವ್ವ ಕೇಳ್ತು, ದಿನಾ ಯಾರ ಜೊತೆ ಹೋಗ್ತೀಯ ಅಂತ."

"ಏನಂದೆ?"

"ನಂಗೆ ಇಷ್ಟ ಆದೋರು, ಕರ್ಕೊಂಡು ಬತ್ತೀನಿ, ನೀನೇ ನೋಡು ಅಂದೆ."

"ಯಾವಾಗ?"

"ಇವತ್ತು... ಅವ್ವ ಆಗ್ಲೇ ಕಡುಬು ಮಾಡ್ತಾ ಕೂತದೆ."

ಸೋಮೇಶ್ ತನ್ನ ಶರ್ಟು ನೋಡಿಕೊಂಡು ಧೂಳು ಕೊಡವಿದ.

"ಹಿಂಗೇ ಬರ್ಲಾ, ಮುಖ ತೊಳ್ಕೊಂಡು ಬರ್ಲಾ?"

"ಹಿಂಗೇ ಬನ್ನಿ," ಎಂದಳು.