ಹೋಳಾದ ಸಿಲಿಂಡರ್ ಹೆಡ್

"ಈ ಹಳದಿ ಗೆರೆ ಇದೆಯಲ್ಲ, ಇದನ್ನ ನಿನ್ನ ಹೆಬ್ಬೆರಳು ದಾಟಿದ್ರೂ ಸಾಕು, ಸೀದಾ ಹೊರಗೆ!" ಅಂದರು ಅತ್ತೆ.

"ಕಿರುಬೆರಳು ದಾಟಿದ್ರೆ?"

"ಪಿಟೀಲೂ!"

ಪಿಟೀಲು ಗಪ್‌ಚಿಪ್ ಆದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಒಂದು ಪ್ರಶ್ನೆ ಹಿಡಿದಳೆಂದರೆ ಉತ್ತರ ಸಿಗುವ ತನಕ ಕುಯ್ಯುತ್ತಲೇ ಇರುತ್ತಾಳೆಂದು ಮನೆಯವರೆಲ್ಲ ಅವಳನ್ನು ಹಾಗೆ ಕರೆಯುತ್ತಿದ್ದರು.

ಆದರೆ ಇವತ್ತು ಕುಯ್ಯುವ ಕೆಲಸ ಅವಳದಲ್ಲ. ಹಳದಿ ಗೆರೆಯ ಆಚೆ, ಬೀರುವಿನಷ್ಟು ಎತ್ತರದ ಗರಗಸದ ಮೆಷಿನ್ ನಿಂತಿತ್ತು. ಅದರ ಮೇಜಿನ ಮೇಲೆ, ಅಲುಗಾಡದಂತೆ ಬಿಗಿದಿಟ್ಟ ಒಂದು ಲೋಹದ ದಿಮ್ಮಿ. ಅಪ್ಪನ ವ್ಯಾನಿನ ಸಿಲಿಂಡರ್ ಹೆಡ್.

ಸಿಲಿಂಡರ್ ಹೆಡ್ ಅಂದರೆ ಇಂಜಿನ್ನಿನ ಮುಚ್ಚಳ. ಕೆಳಗೆ ಬೆಂಕಿ ಉರಿಯುವ ಡಬ್ಬಿಗಳು, ಮೇಲೆ ಈ ಮುಚ್ಚಳ. ಹಾಗಂತ ಅತ್ತೆ ಹೇಳಿದ್ದರು. ಅತ್ತೆ ಅಪ್ಪನಿಗೆ ಅಕ್ಕ. ಈ ತರಬೇತಿ ಕೇಂದ್ರದಲ್ಲಿ ಹುಡುಗ ಹುಡುಗಿಯರಿಗೆ ಗಾಡಿ ರಿಪೇರಿ ಕಲಿಸುತ್ತಾರೆ. ಇವತ್ತು ಈ ಹೆಡ್ಡನ್ನು ಎರಡು ಹೋಳು ಮಾಡಿ ಒಳಗೆ ಏನಿದೆ ಅಂತ ನೋಡುವ ಪಾಠ. ನೀಲಿ ಕೋಟು ಹಾಕಿದ ಆರು ಜನ ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಅಪ್ಪ ಅವರ ಹಿಂದೆ ಕೈಕಟ್ಟಿಕೊಂಡು ನಿಂತಿದ್ದ. ಪಿಟೀಲುವಿನ ಕಣ್ಣಿಗೆ ದೊಡ್ಡವರ ಕನ್ನಡಕ. ಅದು ಮೂಗಿನಿಂದ ಜಾರಿ ಜಾರಿ ಬಾಯಿಯ ತನಕ ಬರುತ್ತಿತ್ತು.

ಎರಡು ವಾರದ ಹಿಂದೆ ಹೀಗಾಗಿತ್ತು.

ಅಪ್ಪ ಶಾಲೆಯ ವ್ಯಾನ್ ಓಡಿಸುತ್ತಾನೆ. ಹದಿನಾರು ಮಕ್ಕಳು, ಹದಿನಾರು ಬ್ಯಾಗು, ಹದಿನಾರು ತರದ ಗಲಾಟೆ. ಆವತ್ತು ವ್ಯಾನು ಸೇತುವೆ ದಾಟಿತೋ ಇಲ್ಲವೋ, ಬಾನೆಟ್ಟಿನಿಂದ ಬುಸ್ ಅಂತ ಬಿಳಿ ಹಬೆ ಎದ್ದಿತು. ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಮಕ್ಕಳೆಲ್ಲ ರಸ್ತೆ ಬದಿಯಲ್ಲಿ ಸಾಲಾಗಿ ನಿಂತರು. ಶಾಲೆ ಸೇರುವಾಗ ಎರಡನೇ ಪೀರಿಯಡ್ಡೂ ಮುಗಿದಿತ್ತು. ಗಣಿತದ ಟೆಸ್ಟ್ ತಪ್ಪಿತೆಂದು ಕೆಲವರು ಕುಣಿದರು. ಓದಿಕೊಂಡು ಬಂದವರು ಮುಖ ಊದಿಸಿಕೊಂಡರು.

ಸಂಜೆ ಮನೆಯಲ್ಲಿ ಅಣ್ಣ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದ. "ಬೆಳಗ್ಗೆ ರೇಡಿಯೇಟರ್ ನೀರು ನೋಡೋದು ಯಾರ ಡ್ಯೂಟಿ?"

ಪಿಟೀಲುವಿನ ಡ್ಯೂಟಿ. ದಿನಾ ಬೆಳಗ್ಗೆ, ಅಪ್ಪ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು, ಸ್ಟೂಲು ಹತ್ತಿ, ಮುಚ್ಚಳ ತೆಗೆದು, ನೀರು ಕಡಿಮೆಯಿದ್ದರೆ ಜಗ್ಗಿನಿಂದ ಹಾಕಬೇಕು. ಮನೆಯಲ್ಲಿ ಅಣ್ಣನಿಗೂ ಇಲ್ಲದ, ಅವಳಿಗೆ ಮಾತ್ರ ಇದ್ದ ಕೆಲಸ ಅದು.

"ನೋಡಿದ್ದೆ," ಅಂದಿದ್ದಳು ಅವಳು.

"ನಿಜವಾಗ್ಲೂ?"

"ನೋಡಿದ್ದೆ ಅಂದ್ರೆ ನೋಡಿದ್ದೆ!"

ಅಪ್ಪ ತಲೆಯೆತ್ತದೆ, "ಆಯ್ತು ಬಿಡ್ರೋ," ಅಂದಿದ್ದ ಅಷ್ಟೆ.

ಆದರೆ ಅವಳು ನೋಡಿರಲಿಲ್ಲ. ಆವತ್ತು ಒಂದು ಕಾಲಿನ ಸಾಕ್ಸು ಸಿಕ್ಕಿರಲಿಲ್ಲ. ಮಂಚದ ಕೆಳಗೆ, ಬಟ್ಟೆಯ ಬುಟ್ಟಿಯಲ್ಲಿ, ಬಾಗಿಲ ಹಿಂದೆ ಎಲ್ಲಾ ಹುಡುಕಿ, ಕೊನೆಗೆ ಅದು ಬ್ಯಾಗಿನೊಳಗೇ ಸಿಗುವಷ್ಟರಲ್ಲಿ ಅಪ್ಪ ಹಾರ್ನ್ ಹೊಡೆದಿದ್ದ. ಅವಳು ಓಡಿ ಬಂದು ವ್ಯಾನ್ ಹತ್ತಿದ್ದಳು. ಅಷ್ಟೇ.

ಗ್ಯಾರೇಜಿನವರು ಬೇರೆ ಹೆಡ್ ಹಾಕಿಕೊಟ್ಟರು. ವ್ಯಾನು ಮತ್ತೆ ಮನೆಗೆ ಬಂದ ಮಾರನೇ ದಿನ ಬೆಳಗ್ಗೆ ನೋಡಿದರೆ ಸ್ಟೂಲಿನ ಮೇಲೆ ಅಣ್ಣ ನಿಂತಿದ್ದ, ಜಗ್ ಹಿಡಿದುಕೊಂಡು. ಪಿಟೀಲು ಬಾಗಿಲಲ್ಲಿ ನಿಂತು ಶೂ ಲೇಸನ್ನು ಮೂರು ಸಲ ಕಟ್ಟಿದಳು.

ಹಳೇ ಹೆಡ್ಡು ಬಿರುಕು ಬಿಟ್ಟಿತ್ತು. ಗುಜರಿಗೆ ಹಾಕುವುದೇ ಸರಿ ಅಂತ ಮೆಕ್ಯಾನಿಕ್ ಅಂದಾಗ ಅತ್ತೆ ಬಿಡಲಿಲ್ಲ. "ನಂಗೆ ಕೊಡಿ. ಇದರ ಒಳಗಿನ ದಾರಿಗಳನ್ನ ಬೋರ್ಡ್ ಮೇಲೆ ಬರೆದೂ ಬರೆದೂ ಕೈ ಬಿದ್ದೋಗಿದೆ. ಒಂದ್ಸಲ ಕುಯ್ದು ತೋರಿಸಿಬಿಡ್ತೀನಿ."

"ನಾನೂ ಬರ್ತೀನಿ," ಅಂತ ಪಿಟೀಲು ಹಟ ಹಿಡಿದಳು. ಒಳಗೆ ಹೇಗಿದೆ ನೋಡಬೇಕೆಂಬ ಆಸೆ ಒಂದು ಕಡೆ. ನೀರು ನೋಡದಿದ್ದದ್ದು ಅಲ್ಲಿ ಗೊತ್ತಾಗಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಭಯ ಇದ್ದರೆ ಮನೆಯಲ್ಲೇ ಇರಬೇಕಿತ್ತು. ಆದರೆ ಗೊತ್ತಾಗುವುದೇ ಆದರೆ ತಾನು ಅಲ್ಲಿರುವುದು ವಾಸಿ ಅನ್ನಿಸಿತ್ತು ಅವಳಿಗೆ.

"ಅತ್ತೇ, ನೀರು ಕಡಿಮೆಯಿದ್ರೆ ಒಳಗೆ ಗುರುತು ಉಳಿಯುತ್ತಾ?" ಬೆಳಗ್ಗೆ ಬರುವಾಗಲೇ ಕೇಳಿದ್ದಳು.

"ಕುಯ್ದ ಮೇಲೆ ನೋಡೋಣ," ಅಂದಿದ್ದರು ಅತ್ತೆ. ಅದೇನು ಸಮಾಧಾನದ ಉತ್ತರವೇ?

ಈಗ ಕ್ಯಾಪ್ ಹಾಕಿದ ವಿದ್ಯಾರ್ಥಿನಿಯೊಬ್ಬಳು ಹೆಡ್ಡಿನ ಮೇಲೆ ಎಳೆದ ಗೆರೆಯನ್ನು ಇನ್ನೊಮ್ಮೆ ಅಳತೆ ಮಾಡಿ ನೋಡಿದಳು. ವಾಲ್ವು, ಸ್ಪ್ರಿಂಗು, ಬೋಲ್ಟು ಎಲ್ಲಾ ಬಿಚ್ಚಿ ಒಂದು ಟ್ರೇಯಲ್ಲಿ ಇಟ್ಟಿದ್ದರು.

"ಗೆರೆ ಯಾಕೆ ಅಷ್ಟು ಪಕ್ಕಕ್ಕೆ? ನಡುಮಧ್ಯ ಯಾಕಿಲ್ಲ?" ಪಿಟೀಲು ಹಳದಿ ಗೆರೆಯ ಈಚೆಯಿಂದಲೇ ಕೂಗಿದಳು.

"ನಡುಮಧ್ಯ ವಾಲ್ವು ಕೂರೋ ಕಡೆ ಗಟ್ಟಿ ಉಕ್ಕಿನ ಉಂಗುರ ಇದೆ. ಅಲ್ಲಿ ಗರಗಸ ಕೊಟ್ರೆ ಹಲ್ಲು ಉದುರುತ್ತೆ," ಅಂದಳು ಕ್ಯಾಪಿನವಳು.

"ಗರಗಸಕ್ಕೂ ಹಲ್ಲು ಉದುರುತ್ತಾ?"

"ಉದುರುತ್ತೆ. ನಿಂದಾದ್ರೆ ಮತ್ತೆ ಹುಟ್ಟುತ್ತೆ, ಅದರದ್ದು ಹುಟ್ಟಲ್ಲ."

ಪಿಟೀಲು ನಾಲಿಗೆಯಿಂದ ತನ್ನ ಉದುರಿದ ಹಲ್ಲಿನ ಖಾಲಿ ಜಾಗವನ್ನು ಮುಟ್ಟಿ ನೋಡಿಕೊಂಡಳು.

ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ ತಲೆಯಾಡಿಸಿದರು. ಕ್ಯಾಪಿನವಳು ಹಸಿರು ಬಟನ್ ಒತ್ತಿದಳು. ಗರಗಸದ ಪಟ್ಟಿ ಮೇಲಿನಿಂದ ಕೆಳಗೆ ಸುಯ್ಯೆಂದು ಓಡತೊಡಗಿತು. ಒಂದು ಪೈಪಿನಿಂದ ಹಾಲಿನ ಹಾಗೆ ಬೆಳ್ಳಗಿದ್ದ ನೀರು ಸುರಿಯಿತು. ಬಿಸಿ ಏರದಿರಲಿ ಅಂತ ಅದು. ಹಲ್ಲು ಲೋಹವನ್ನು ಕಚ್ಚಿದ ಕೂಡಲೇ ಕಿವಿಯೊಳಗೆ ಯಾರೋ ಚಮಚ ಉಜ್ಜಿದ ಹಾಗಾಯಿತು. ಪಿಟೀಲು ಎರಡೂ ಕಿವಿ ಮುಚ್ಚಿಕೊಂಡಳು. ಕನ್ನಡಕ ಜಾರಿತು. ಒಂದು ಕಿವಿ ಬಿಟ್ಟು ಕನ್ನಡಕ ಹಿಡಿದುಕೊಂಡಳು.

ಹಣ್ಣು ಹೆಚ್ಚಿದ ಹಾಗೆ ಚಕ್ಕಂತ ಆಗುತ್ತದೆ ಅಂದುಕೊಂಡಿದ್ದಳು. ಎಲ್ಲಿ ಬಂತು! ಗರಗಸ ಆಮೆಯ ಹಾಗೆ ಮುಂದೆ ಹೋಗುತ್ತಿತ್ತು. ಬೆಳ್ಳಿಯ ಪುಡಿಯಂಥ ಚೂರುಗಳು ಕೆಳಗಿನ ತಟ್ಟೆಯಲ್ಲಿ ಗುಡ್ಡೆಯಾದವು. ಪಿಟೀಲು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. ಅಪ್ಪ ಆಕಳಿಸಿದ. ಆಮೇಲೆ ಸದ್ದು ಇದ್ದಕ್ಕಿದ್ದಂತೆ ತೆಳ್ಳಗಾಯಿತು. ಟಕ್. ಹೆಡ್ಡು ಎರಡಾಗಿತ್ತು.

ಮೆಷಿನ್ ಪೂರ್ತಿ ನಿಂತ ಮೇಲೆ ಅತ್ತೆ ಎರಡೂ ಹೋಳನ್ನು ಒರೆಸಿ ಬೇರೆ ಮೇಜಿನ ಮೇಲಿಟ್ಟರು. "ಈಗ ಬಾ. ಅಂಚು ಮುಟ್ಬೇಡ, ಬ್ಲೇಡಿನ ಹಾಗಿರುತ್ತೆ."

ಪಿಟೀಲು ಬಗ್ಗಿದಳು. ಜಾರುವ ಕನ್ನಡಕ ಒತ್ತಿ ಹಿಡಿದು ಒಳಗೆ ಇಣುಕಿದಳು.

ಹೊರಗಿನಿಂದ ಅದು ಒರಟು ಒರಟಾದ ಲೋಹದ ಮುದ್ದೆ. ಒಳಗೂ ಮುದ್ದೆಯೇ ಇರುತ್ತದೆ ಅಂದುಕೊಂಡಿದ್ದಳು. ಆದರೆ ಒಳಗೆ ಕೋಣೆಗಳಿದ್ದವು! ಬಾಗಿದ ಓಣಿಗಳು, ದುಂಡನೆಯ ಮೂಲೆಗಳು, ಒಂದರ ಮೇಲೊಂದು ಹಾದು ಹೋಗುವ ದಾರಿಗಳು. ಎಲ್ಲೂ ಒಂದಕ್ಕೊಂದು ಡಿಕ್ಕಿ ಹೊಡೆಯದೆ ನುಣ್ಣಗೆ ತಿರುಗಿಕೊಂಡು ಹೋಗಿದ್ದವು.

"ಈ ದಾರೀಲಿ ಗಾಳಿ ಒಳಗೆ ಬರುತ್ತೆ," ಅತ್ತೆ ಪೆನ್ಸಿಲ್ಲಿನಿಂದ ತೋರಿಸಿದರು. "ಉರಿದ ಮೇಲೆ ಹೊಗೆ ಈ ಕಡೆಯಿಂದ ಹೊರಗೆ ಓಡುತ್ತೆ. ಇವೆರಡರ ಸುತ್ತ ಇರೋ ಖಾಲಿ ಜಾಗ ಇದೆಯಲ್ಲ, ಇದೆಲ್ಲ ತಣ್ಣಗಿಡೋ ನೀರಿಂದು."

"ಬೆಂಕಿ ಪಕ್ಕಾನೇ ನೀರಾ? ಸೇರಿಕೊಳ್ಳಲ್ವಾ?"

"ಮಧ್ಯ ಗೋಡೆ ನೋಡು."

ಗೋಡೆ ಅವಳ ಕಿರುಬೆರಳಿನಷ್ಟೂ ದಪ್ಪ ಇರಲಿಲ್ಲ. ಒಂದು ಕಡೆ ಸುಡುವ ಹೊಗೆ, ಇನ್ನೊಂದು ಕಡೆ ನೀರು, ನಡುವೆ ಇಷ್ಟೇ ಇಷ್ಟು.

"ಒಳಗೆ ಕೈ ಹಾಕೋಕಾಗಲ್ಲ. ಮತ್ತೆ ಹೇಗೆ ತೋಡಿದ್ರು?"

"ಒಳ್ಳೇ ಪ್ರಶ್ನೆ," ಅಂದರು ಅತ್ತೆ. ವಿದ್ಯಾರ್ಥಿಗಳಲ್ಲಿ ಇಬ್ಬರು ಸರಕ್ಕನೆ ನೆಲ ನೋಡಿದರು. "ತೋಡೋದಲ್ಲ ಕಣೇ. ಈ ದಾರಿಗಳದ್ದೇ ಆಕಾರದಲ್ಲಿ ಮರಳಿನ ಗಟ್ಟಿ ಮಾಡ್ತಾರೆ. ಅದನ್ನ ಅಚ್ಚಿನೊಳಗೆ ಇಟ್ಟು ಸುತ್ತ ಕರಗಿದ ಲೋಹ ಹುಯ್ತಾರೆ. ಆರಿದ ಮೇಲೆ ಮರಳನ್ನ ಕುಟ್ಟಿ ಉದುರಿಸ್ತಾರೆ. ಮರಳು ಹೋದ ಜಾಗವೇ ದಾರಿ."

ಪಿಟೀಲು ಆಹಾ ಅಂದಳು. ಅಷ್ಟರಲ್ಲಿ ಕ್ಯಾಪಿನವಳು ಇನ್ನೊಂದು ತುದಿಯಲ್ಲಿ ತೆಳ್ಳನೆಯ ತಂತಿ ಹಿಡಿದು ತಿವಿಯುತ್ತಿದ್ದಳು. "ಮೇಡಂ, ಇಲ್ಲಿ ತಂತಿ ಹೋಗ್ತಿಲ್ಲ."

ಎಲ್ಲರೂ ಆ ಕಡೆ ಬಾಗಿದರು. ಬೇರೆ ಕಡೆ ತೆರೆದಿದ್ದ ನೀರಿನ ದಾರಿ ಅಲ್ಲಿ ಮುಚ್ಚಿಹೋಗಿತ್ತು. ಮಣ್ಣಿನ ಬಣ್ಣದ, ಕಲ್ಲಿನಂಥ ಗಟ್ಟಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥದ್ದೇ. ಅದರ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು.

"ಲೋ, ಬಾ ಇಲ್ಲಿ," ಅತ್ತೆ ತಮ್ಮನನ್ನು ಕರೆದರು. "ಗಾಡಿಗೆ ಯಾವ ನೀರು ಹಾಕಿಸ್ತಿದ್ದೆ?"

"ಮನೆ ನೀರೇ ಅಕ್ಕ. ಹಿತ್ತಲ ಬೋರಿಂದು."

"ನೀರಿಗೆ ಕೂಲಂಟ್ ದ್ರಾವಣ ಬೆರೆಸ್ತಿರಲಿಲ್ವಾ?"

ಅಪ್ಪ ಹೋಂವರ್ಕ್ ತಾರದ ಹುಡುಗನ ಹಾಗೆ ಕತ್ತು ಕೆರೆದುಕೊಂಡ. "ನೀರಾದ್ರೆ ಸಾಕು ಅಂತ..."

"ನಿಮ್ಮ ಬೋರಿನ ನೀರಲ್ಲಿ ಸೋಪಿಗೆ ನೊರೆನೇ ಬರಲ್ಲ. ವರ್ಷಗಟ್ಟಲೆ ಅದನ್ನೇ ಕುಡಿಸಿದ್ದೀಯ. ಅದರ ಸುಣ್ಣ ಕಟ್ಕೊಂಡು ಕೂತಿದೆ ನೋಡು. ಆವತ್ತು ರೇಡಿಯೇಟರ್ ತುಂಬಿ ತುಳುಕ್ತಿದ್ರೂ ಈ ಮೂಲೆಗೆ ನೀರು ಬರ್ತಿರಲಿಲ್ಲ. ಇವತ್ತಲ್ಲ ನಾಳೆ ಇಲ್ಲೇ ಬಿರುಕು ಬಿಡ್ತಿತ್ತು."

ಅಪ್ಪ ಆ ಗಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಪಿಟೀಲುವಿನ ತಲೆಯ ಮೇಲೆ ಕೈಯಿಟ್ಟ. "ಪಾಪ, ನನ್ನ ಮಗಳ ಮೇಲೆ ಎಲ್ಲಾ ಸೇರಿ ಅನುಮಾನಪಟ್ವಿ. ನೀನು ಸರಿಯಾಗೇ ನೋಡಿದ್ದೆ. ಅಣ್ಣನಿಗೆ ನಾನು ಹೇಳ್ತೀನಿ. ಸೋಮವಾರದಿಂದ ಜಗ್ ನಿಂದೇ."

ಪಿಟೀಲು ಎಗರಿ ಕುಣಿಯಬೇಕಿತ್ತು. ಎರಡು ವಾರ ಕಾದದ್ದು ಇದೇ ಮಾತಿಗೆ. ಆದರೆ ಖುಷಿ ಅರ್ಧ ಬಂದು ಬಾಗಿಲಲ್ಲೇ ನಿಂತುಬಿಟ್ಟಿತು. ಒಳಗೆ ಬರಲಿಲ್ಲ.

ವಿದ್ಯಾರ್ಥಿಗಳು ಹೋಳುಗಳ ಚೂಪು ಅಂಚನ್ನು ಅರದಿಂದ ಉಜ್ಜಲು ಕೂತರು. ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಟೀ ಕುಡಿಯುತ್ತಿದ್ದ. ಪಿಟೀಲು ಹೋಗಿ ಪಕ್ಕದಲ್ಲಿ ಕೂತಳು. ಎದ್ದಳು. ಮತ್ತೆ ಕೂತಳು.

"ಏನೇ, ಇರುವೆ ಇದೆಯಾ ಅಲ್ಲಿ?"

"ಅಪ್ಪಾ, ಆವತ್ತು ನಾನು ನೀರು ನೋಡಿರಲಿಲ್ಲ."

ಅಪ್ಪನ ಲೋಟ ಅರ್ಧದಲ್ಲೇ ನಿಂತಿತು.

"ಸಾಕ್ಸು ಒಂದೇ ಸಿಕ್ಕಿತ್ತು. ಹುಡುಕ್ತಾ ಹುಡುಕ್ತಾ... ನೀನು ಹಾರ್ನ್ ಹೊಡ್ದೆ. ನೋಡಿದ್ದೆ ಅಂತ ಸುಳ್ಳು ಹೇಳ್ದೆ."

ಒಳಗೆ ಅರದ ಸದ್ದು ಕರ್ ಕರ್ ಅಂತ ಬರುತ್ತಿತ್ತು. ಅಪ್ಪ ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ಡ್ಯಾಶ್‌ಬೋರ್ಡಲ್ಲಿ ಬಿಸಿ ತೋರಿಸೋ ಮುಳ್ಳಿದೆಯಲ್ಲ," ಅಂದ ಮೆಲ್ಲಗೆ. "ಅದು ಆವತ್ತು ಸೇತುವೆಗೆ ಮುಂಚೆನೇ ಕೆಂಪು ಮುಟ್ಟಿತ್ತು. ನೋಡ್ದೆ. ಟೆಸ್ಟ್ ಇದೆ, ಮಕ್ಕಳಿಗೆ ಲೇಟಾಗುತ್ತೆ, ಇನ್ನೇನು ಬಂದೇಬಿಡ್ತು ಅಂತ ಓಡಿಸ್ದೆ. ಆಗಲೇ ನಿಲ್ಲಿಸಿದ್ರೆ ಆವತ್ತು ಬಿರುಕು ಬಿಡ್ತಿರಲಿಲ್ಲ."

ಪಿಟೀಲು ಕಣ್ಣರಳಿಸಿದಳು. "ಯಾರಿಗೂ ಹೇಳಿಲ್ವಾ?"

"ಇಲ್ಲ. ನಿಂಗೇ ಮೊದಲು."

"ಅಣ್ಣ ನನ್ನ ಬೈವಾಗ ಸುಮ್ನಿದ್ಯಲ್ಲ!"

"ಸುಮ್ನಿದ್ದೆ," ಅಂದ ಅಪ್ಪ. "ತಲೆ ಎತ್ತೋಕೇ ಆಗಿರಲಿಲ್ಲ."

ಪಿಟೀಲುವಿಗೆ ಸಿಟ್ಟು ಬಂತು. ಬಂದದ್ದು ಉಳಿಯಲಿಲ್ಲ. ಸಿಟ್ಟು ಮಾಡೋಣವೆಂದರೆ ನಡುವೆ ಆ ಹಾಳು ಸಾಕ್ಸು ಅಡ್ಡ ಬರುತ್ತಿತ್ತು. ಅಪ್ಪನ ಮುಖ ನೋಡಿದಳು. ಅಪ್ಪ ಅವಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ಈಗ ಜಗ್ ಅಣ್ಣನ ಹತ್ರನೇ ಇರುತ್ತಾ?"

"ನಿಂದೇ. ಸಾಕ್ಸು ಸಿಗದಿದ್ದ ದಿನ ಒಳಗಿನಿಂದಲೇ ಕೂಗು, ನಾನು ನೋಡ್ತೀನಿ. ಅಣ್ಣನಿಗೆ ಮಾತ್ರ ಇದನ್ನೆಲ್ಲ..."

"ಇಬ್ರೂ ಸೇರಿ ಹೇಳೋಣ," ಅಂದಳು ಪಿಟೀಲು.

"ಪಿಟೀಲೂ, ಎಲ್ಲಿದ್ದೀಯೇ? ಬಣ್ಣ ಹಚ್ಚೋಕೆ ಜನ ಬೇಕು!" ಒಳಗಿನಿಂದ ಅತ್ತೆ ಕರೆದರು.

ಮೇಜಿನ ಮೇಲೆ ಮೂರು ಪುಟ್ಟ ಡಬ್ಬಿ. ಗಾಳಿಯ ದಾರಿಗೆ ಹಳದಿ, ಹೊಗೆಯ ದಾರಿಗೆ ಕೆಂಪು, ನೀರಿನ ದಾರಿಗೆ ನೀಲಿ. ಅತ್ತೆ ನೀಲಿಯ ಬ್ರಶ್ಶನ್ನು ಅವಳ ಕೈಗೇ ಕೊಟ್ಟರು. ಪಿಟೀಲು ನಾಲಿಗೆ ಹೊರಗೆ ಚಾಚಿಕೊಂಡು ಹಚ್ಚತೊಡಗಿದಳು. ಒಂದು ಕೋಣೆ ಆಯಿತು. ಬಾಗಿದ ಓಣಿ ಆಯಿತು. ಕೆಂಪು ದಾರಿಯ ಬೆನ್ನ ಹಿಂದೆ ಹಾದು ನೀಲಿ ಮುಂದೆ ಹೋಯಿತು. ಕೊನೆಗೆ ಆ ಮಣ್ಣು ಬಣ್ಣದ ಗಟ್ಟಿಯ ಹತ್ತಿರ ಬಂದು ಬ್ರಶ್ಶು ನಿಂತಿತು.

"ಇಲ್ಲಿ?"

"ಮೇಲೆ ಹಚ್ಚಿಬಿಡು. ಕೊಳಕು ಕಾಣಲ್ಲ, ನೀಟಾಗಿರುತ್ತೆ," ಅಂದ ಒಬ್ಬ ವಿದ್ಯಾರ್ಥಿ.

ಪಿಟೀಲು ಅತ್ತೆಯ ಕಡೆ ನೋಡಿದಳು. ಅತ್ತೆ ನೀನೇ ನೋಡು ಅನ್ನುವಂತೆ ಹುಬ್ಬು ಹಾರಿಸಿದರು.

ಅವಳು ಹಿಂದೆ ಸರಿದು ಹೋಳನ್ನು ನೋಡಿದಳು. ನೀಲಿ ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದು ಸಲ ಬ್ರಶ್ ಎಳೆದರೆ ಸಾಕು, ಅಲ್ಲೇನೂ ಆಗಿರಲೇ ಇಲ್ಲವೇನೋ ಅನ್ನಿಸುವಷ್ಟು ಚೆಂದ ಆಗುತ್ತಿತ್ತು.

ಪಿಟೀಲು ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿದಳು. ಉಸಿರು ಬಿಗಿಹಿಡಿದು, ಒಂದು ಹನಿಯೂ ಮೇಲೆ ಬೀಳದ ಹಾಗೆ, ಆ ಗಟ್ಟಿಯ ಸುತ್ತ ಮಾತ್ರ ನೀಲಿ ಎಳೆದಳು.

ಅಪ್ಪ ಬಗ್ಗಿ ನೋಡಿದ. "ಹೂಂ," ಅಂದ. ಆಮೇಲೆ ಅವಳಿಗೆ ಸುಲಭವಾಗಲೆಂದು ಬಣ್ಣದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತ.