ಫೋನಿನಲ್ಲಿ ಕಾಣದ್ದು

ಮಂಚದ ಕೆಳಗೆ ಚೀಲ ಇರಲಿಲ್ಲ.

ಜೋಯಾ ಚಾದರ ಎತ್ತಿದಳು, ಕಪಾಟು ತಡಕಿದಳು. ಎರಡು ವರ್ಷ ಕೂತು ಬರೆದ ಚಿತ್ರಗಳೆಲ್ಲ ಮಾಯ!

ಮಧ್ಯಾಹ್ನವೇ ಕಲಾಶಾಲೆಯಲ್ಲಿ ಸಂದರ್ಶನ. ಇರುವುದು ಒಂದೇ ಸೀಟು. ಫೋನಿನಲ್ಲಿ ಎಲ್ಲದರ ಫೋಟೋ ಇತ್ತು, ನಿಜ. ಆದರೆ ಇದು ನಿನ್ನ ಕೈಯದೋ, ಯಂತ್ರ ಬರೆದದ್ದೋ ಎಂದು ಕೇಳಿದರೆ? ಸುಳ್ಳುಗಾತಿ ಎನಿಸಿಕೊಂಡು ತನ್ನೂರು ತಾರಿಹಾಳಕ್ಕೆ ಮರಳಬೇಕೇ?

ಮನೆ ಮಾಲೀಕ ಶಾಂತಯ್ಯ ಮೆಟ್ಟಿಲೇರಿ ಬಂದರು. ಅವರು ಪೊಲೀಸ್ ಫೌಜದಾರಿಕೆ ಬಿಟ್ಟಿದ್ದರೂ ಅದು ಅವರನ್ನು ಬಿಟ್ಟಿರಲಿಲ್ಲ.

"ಕೀಲಿ ಮುರದಿಲ್ಲ. ಕೀಲಿಕೈ ಎಲ್ಲಿಡತೀರಿ?"

"ಚೌಕಟ್ಟಿನ ಮ್ಯಾಲ ರೀ," ಎಂದಳು ಅದೇ ಕೋಣೆಯಲ್ಲಿ ಜೊತೆಗಿರುವ ಉಮಾಶ್ರೀ. "ಮುಂಜಾನೆ ಕಡೀಕ ಕೀಲಿ ಹಾಕಿ ಹೋದಾಕಿ ನಾನ."

ಜೋಯಾ ಅವಳತ್ತ ತಿರುಗಿದಳು. ಉಮಾಶ್ರೀಯೇ? ಒಂದೇ ತಟ್ಟೆಯಲ್ಲಿ ಉಂಡವಳು?

"ನಿನಗೂ ಆ ಸೀಟು ಬೇಕೇನವಾ?" ಶಾಂತಯ್ಯ ಉಮಾಶ್ರೀಯನ್ನು ಕೇಳಿದರು.

"ನಾ ಗಣಿತ ಓದಾಕತ್ತೇನ್ರಿ, ಕಾಕಾ."

ಗದ್ದಲ ಕೇಳಿ ಎದುರುಮನೆಯ ಶಿವಯೋಗೀಶ ಬಾಗಿಲಿಗೆ ಬಂದ. ಅವನೂ ಅದೇ ಸೀಟಿಗೆ ಅರ್ಜಿ ಹಾಕಿದವನು. ಅವನು ಕಾಗದ ಮುಟ್ಟುತ್ತಿರಲಿಲ್ಲ, ಬರೆಯುವುದೆಲ್ಲ ಟ್ಯಾಬಿನಲ್ಲೇ.

"ಈಕಿ ಚಿತ್ರ ನೋಡೀಯೇನೋ?" ಎಂದರು ಶಾಂತಯ್ಯ.

"ಫೋನಿನ್ಯಾಗ ಅಷ್ಟ ರೀ. ಆಕೀನ ಕಳಿಸಿದ್ಲು. ಕಾಗದ ಕಂಡಿಲ್ಲ." ಅವನು ಜೋಯಾಳತ್ತ ತಿರುಗಿದ. "ಅಳಬ್ಯಾಡ. ನಿಮ್ಮ ದಾದಿ, ಆ ಅಜ್ಜೀದು ಅಂಗೈಯಷ್ಟು ಚಿತ್ರ ಐತೆಲ್ಲಾ, ಅದನ್ನರ ಲಗೂನ ಇನ್ನೊಮ್ಮಿ ಬರದು ಒಯ್ಯಿ."

ಶಾಂತಯ್ಯ ಜೋಯಾಳ ಫೋನು ಇಸಿದುಕೊಂಡು ಬೆರಳಾಡಿಸಿದರು. ದುರ್ಗದಬೈಲಿನ ಸಂತೆಯ ಚಿತ್ರ ಪರದೆಯ ತುಂಬ. ದಾದಿ ರೆಹಮತ್‌ಬಿಯ ಮುಖವೂ ಪರದೆಯ ತುಂಬ.

"ಈ ದಾದಿ ಚಿತ್ರ ಎಷ್ಟು ದೊಡ್ಡದವಾ?"

"ಸಣ್ಣದ್ರಿ. ಮದುವಿ ಕಾರ್ಡಿನ ಹಿಂದ ಬರದಿದ್ದೆ. ಚೀಲದ ಒಳಕಿಸೇದಾಗ ಇಟ್ಟಿದ್ದೆ, ಫೋಟೋ ಬಿಟ್ರ ಆ ಕಾರ್ಡು ಯಾರಿಗೂ ತೋರಿಸಿಲ್ಲ."

ಶಾಂತಯ್ಯ ಫೋನನ್ನು ಶಿವಯೋಗೀಶನ ಮುಂದೆ ಹಿಡಿದರು. "ಇದರಾಗ ಸಂತಿನೂ ಇಷ್ಟ ದೊಡ್ಡದು, ದಾದಿನೂ ಇಷ್ಟ ದೊಡ್ಡದು. ಅಂಗೈಯಷ್ಟು ಅಂತ ನಿನಗ ಹ್ಯಾಂಗ ತಿಳೀತು?"

ಅವನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಚೀಲ ಬಿಚ್ಚಿದವಗ ಅಷ್ಟ ಅದು ಗೊತ್ತು. ಇವರು ಕೀಲಿಕೈ ಇಡೂದು ನಿನ್ನ ಕಿಡಕ್ಯಾಗಿಂದ ಕಾಣತೈತಿ. ಆಕಿ ಕಡೇನೂ ಬರೇ ಫೋನ್ ಉಳದ್ರ ಇಬ್ಬರೂ ಸಮ ಆಗತೀರಿ. ಖರೇ ಹೇಳು, ಸುಟ್ಟಿಯೇನೋ?"

ಜೋಯಾ ಅವನತ್ತ ಒಂದು ಹೆಜ್ಜೆ ಇಟ್ಟಳು.

"ಇಲ್ರಿ..." ಅವನ ದನಿ ಇಳಿದಿತ್ತು. "ನಮ್ಮ ಮನೀ ಮಾಳಗಿ ಮ್ಯಾಲ ಐತಿ."

ಚೀಲ ಬಂದಾಗ ಜೋಯಾ ದೊಡ್ಡ ಚಿತ್ರಗಳನ್ನು ನೋಡಲೇ ಇಲ್ಲ. ನೇರ ಒಳಜೇಬಿಗೆ ಕೈ ಹಾಕಿದಳು. ದಾದಿ ಅಲ್ಲೇ ಇದ್ದಳು. ಎರಡೂ ಅಂಗೈಗಳ ನಡುವೆ ಅವಳನ್ನು ಮುಚ್ಚಿ ಹಿಡಿದು ಜೋಯಾ ನೆಲದ ಮೇಲೆ ಕೂತುಬಿಟ್ಟಳು.